ಮೂರನೇ ಕಿಟ್‌ನ ಏಳು

ಶಿಕಾರಿಪುರದ ಕಾಲೇಜಿನಲ್ಲಿ ನಾನು ಫೇಲಾದದ್ದು ಒಂದೇ ಒಂದರಲ್ಲಿ. ಕಂಪ್ಯೂಟರಿನ ಒಳರಚನೆ ಮತ್ತು ಯಂತ್ರಭಾಷೆಯ ಪ್ರಾಕ್ಟಿಕಲ್. ಅವ್ವ ಅಷ್ಟರಲ್ಲಾಗಲೇ ಚಂದ್ರಗುತ್ತಿ ಕಡೆಯ ನಮ್ಮೂರಲ್ಲಿ, ಮಗಳು ಕಂಪ್ಯೂಟರ್ ಮುಗಿಸಿದಳು ಎಂದು ಮನೆಮನೆಗೂ ಹೇಳಿಬಿಟ್ಟಿದ್ದಳು. ಕೊನೆಯ ಸೆಮಿಸ್ಟರಿನಲ್ಲೂ ಅದು ಪಾಸಾಗದಿದ್ದರೆ ಡಿಗ್ರಿಯೇ ಇಲ್ಲ.

ಆ ಲ್ಯಾಬಿನಲ್ಲಿ ಮೌಸು, ಪರದೆ ಯಾವುದೂ ಇಲ್ಲ. ಇರುವುದು ಬರೀ ಸರ್ಕ್ಯೂಟ್ ಹಲಗೆಯಂಥ ಆರು ಕಿಟ್‌ಗಳು. ಒಂದೊಂದರ ಮೇಲೂ ಅಂಕಿಗಳ ಕೀಗಳು, ಜೊತೆಗೆ ಎ ಇಂದ ಎಫ್‌ವರೆಗಿನ ಅಕ್ಷರಗಳು. ಪ್ರತಿ ಆಜ್ಞೆಗೂ ಒಂದು ಸಂಕೇತ. 7E ಎಂದರೆ ತಾ, 77 ಎಂದರೆ ಇಡು, 76 ಎಂದರೆ ನಿಲ್ಲು. ಸಂಕೇತಗಳ ಪಟ್ಟಿಯನ್ನು ಪರೀಕ್ಷೆಯಲ್ಲೂ ಕೊಡುತ್ತಾರೆ, ಆದರೆ ಯಾವುದಾದ ಮೇಲೆ ಯಾವುದು ಎಂದು ನಾವೇ ತಿಳಿದಿರಬೇಕು. ನಾನು ಪ್ರೋಗ್ರಾಂಗಳನ್ನು ಅಂಕಿಗಳಾಗಿಯೇ ಉರು ಹೊಡೆದು ಹೋಗಿ, ನಡುವೆ ಒಂದನ್ನು ಮರೆತು, ಮೂರನೇ ಕಿಟ್‌ನ ಮುಂದೆ ಕೂತು ಅತ್ತಿದ್ದೆ.

ಮುಂದಿನ ಆಯುಧಪೂಜೆಗೆ ಕಿಟ್‌ಗಳಿಗೆ ಕುಂಕುಮ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. "ಅಂಚಿಗೆ ಹಚ್ಚಮ್ಮ, ಸಾಕು" ಎಂದರು ಲ್ಯಾಬಿನ ಮೇಡಂ. ಐದಕ್ಕೆ ಅಂಚಿಗೇ ಹಚ್ಚಿದೆ. ಮೂರನೆಯದು ನನ್ನನ್ನು ಕೆಡವಿದ ಕಿಟ್. ಅದಕ್ಕೆ ಮಾತ್ರ ನೀರಲ್ಲಿ ಕಲಸಿದ ಕುಂಕುಮವನ್ನು ಕೀಗಳ ನಡುವೆಯೇ ಧಾರಾಳವಾಗಿ ಇಟ್ಟು, ಈ ಸಲ ಕೈಬಿಡಬೇಡಪ್ಪ ಎಂದು ಬೇಡಿಕೊಂಡೆ. ಮರುದಿನ ಒರೆಸಲು ಹೋದರೆ ಲ್ಯಾಬಿನ ಅಟೆಂಡರ್ ಬಿಡಲಿಲ್ಲ.

"ಪೂಜೆಗ್ ಹಚ್ಚಿದ್ದು ಒರೆಸಬಾರ್ದು ತಂಗಿ. ತಾನಾಗೇ ಉದುರ್ತತಿ."

ಉದುರಲಿಲ್ಲ.

ಪರೀಕ್ಷೆಯ ದಿನ ಚೀಟಿ ಎತ್ತಿದೆ. ಮೂರನೇ ಕಿಟ್. ಮೆಮೊರಿಯಲ್ಲಿರುವ ಎರಡು ಸಂಖ್ಯೆಗಳನ್ನು ಕೂಡುವ ಪ್ರೋಗ್ರಾಂ. ಉರು ಹೊಡೆದದ್ದೇ ಬಂತೆಂದು ಖುಷಿಯಾಯಿತು. ಏಳು ಒತ್ತಿದೆ. ಕೀ ಕದಲಲಿಲ್ಲ. ಸುತ್ತ ಒಣಗಿ ಗಟ್ಟಿಯಾಗಿದ್ದ ಕುಂಕುಮವನ್ನು ಉಗುರಿನಿಂದ ಕೆರೆದೆ, ಆಗಲೂ ಇಲ್ಲ. ಉಳಿದ ಐದು ಕಿಟ್‌ಗಳ ಮುಂದೆಯೂ ಒಬ್ಬೊಬ್ಬರು ಕೂತಿದ್ದರು. ದೂರು ಹೇಳಿದರೆ, ಹಚ್ಚಿದವರು ಯಾರು ಎಂಬ ಮಾತು ಬರುತ್ತದೆ. ಅವ್ವ ಹೇಳಿಕೊಂಡು ಬಂದ ಮನೆಗಳೆಲ್ಲ ನೆನಪಾಗಿ ನಿಜಕ್ಕೂ ಭಯವಾಯಿತು.

ಆಗ ಮೇಜಿನ ಮೇಲಿದ್ದ ಪಟ್ಟಿಯನ್ನು, ಆ ಕೋರ್ಸಿನಲ್ಲೇ ಮೊದಲ ಬಾರಿಗೆ, ಓದಿದೆ. ಏಳು ಇಲ್ಲದ ಆಜ್ಞೆಗಳನ್ನು ಹುಡುಕಿದೆ. 3A ಎಂದರೆ ಇಂಥ ವಿಳಾಸದಿಂದ ನೇರವಾಗಿ ತಾ. 32 ಎಂದರೆ ಇಂಥ ವಿಳಾಸದಲ್ಲಿ ಇಡು. ನಿಲ್ಲಿಸುವ ಬದಲು, ಕಿಟ್ ತನ್ನ ಮೊದಲ ಸ್ಥಿತಿಗೆ ಮರಳಲು CF. ಯಾವುದಾದ ಮೇಲೆ ಯಾವುದು, ಯಾಕೆ ಎಂದು ಕಾಗದದ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಮುಕ್ಕಾಲು ಗಂಟೆ ಹಿಡಿಯಿತು. ಉತ್ತರ ಸರಿ ಬಂತು.

ಬೇರೆ ಊರಿಂದ ಬಂದಿದ್ದ ಪರೀಕ್ಷಕರು ನನ್ನ ಹಾಳೆ ನೋಡಿದರು.

"ಇದನ್ನ ಎಲ್ರೂ ಒಂದೇ ಥರ ಬರೀತಾರೆ. ನೀನ್ಯಾಕಮ್ಮ ಹೀಗೆ?"

"ಏಳು ಒತ್ತಲ್ಲ ಸರ್."

"ಯಾಕೆ?"

"ಪೂಜೆ ಮಾಡೇವಿ ಸರ್."

"ಯಾರು?"

"ನಾನೇ ಸರ್."

ಅವರೂ ಒಮ್ಮೆ ಒತ್ತಿ ನೋಡಿದರು. ಬೆರಳಿನ ತುದಿ ಕೆಂಪಾಯಿತು. ಆಮೇಲೆ ನನ್ನ ಹಾಲ್ ಟಿಕೆಟ್ ನೋಡಿದರು.

"ಹೋದ ಸಲ ಫೇಲಾದದ್ದು ಯಾಕೆ?"

"ಉರು ಹೊಡ್ಕೊಂಡು ಬಂದಿದ್ದೆ ಸರ್."

"ಈ ಸಲ?"

"ಈ ಸಲನೂ ಉರು ಹೊಡ್ಕೊಂಡೇ ಬಂದಿದ್ದೆ. ಅದ್ರಲ್ಲಿ ಏಳು ಇತ್ತು."

ಅವರು ನಗಲಿಲ್ಲ. ನನ್ನ ನಂಬರಿನ ಎದುರು ಅಂಕ ಬರೆದರು, ಬರೆದದ್ದನ್ನು ನನ್ನಿಂದ ಮರೆಮಾಡಲಿಲ್ಲ.

ಸೊರಬದ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಅವ್ವನಿಗೆ ಫೋನ್ ಮಾಡಿ, ಕಂಪ್ಯೂಟರ್ ಮುಗಿಯಿತು ಎಂದೆ.

"ಅದನ್ನ ನಾ ಎಲ್ರಿಗೂ ಯಾವಾಗ್ಲೋ ಹೇಳಾಯ್ತಲ್ಲೇ" ಎಂದಳು.