ಪರದೆಯೊಳಗಿನ ಬಲೀಂದ್ರ

ನಾನು ಹೋಗಿ ನೆಲೆಸಿದ ಊರಿನಲ್ಲಿ ನಕ್ಷತ್ರಗಳು ಕಪ್ಪಗಿದ್ದವು, ಆಕಾಶ ಬೆಳ್ಳಗಿತ್ತು. ತಮಿಳುನಾಡಿನ ಒಂದು ಗುಡ್ಡದ ಮೇಲೆ ದೂರದರ್ಶಕವಿತ್ತು. ಅದರಲ್ಲಿ ಫೋಟೋ ತೆಗೆದ ಗಾಜಿನ ಫಲಕಗಳಲ್ಲಿ ಎಲ್ಲವೂ ಹಾಗೆಯೇ, ತಿರುಗುಮುರುಗು. ಗೋಳದಂತೆ ಒತ್ತಾಗಿ ನೆರೆದ ನಕ್ಷತ್ರಗುಚ್ಛಗಳ ಚುಕ್ಕಿಗಳನ್ನು ಅಳೆಯುವುದು ನನ್ನ ಉದ್ಯೋಗ. ಚುಕ್ಕಿ ದೊಡ್ಡದಾದಷ್ಟೂ ಹೊಳಪು ಹೆಚ್ಚು. ಬಣ್ಣ ತಿಳಿಯಬೇಕಾದರೆ ಎರಡು ಫಲಕ ಬೇಕು: ನೀಲಿ ಬೆಳಕಿನದೊಂದು, ಹಳದಿಯದೊಂದು. ಒಂದೇ ಇದ್ದರೆ ಅರ್ಧ ಕೆಲಸ.

ನನ್ನ ಹುಟ್ಟೂರು ಅಜ್ಜಾವರದಲ್ಲಿ ಮುಸ್ಸಂಜೆಗೆ ದೀಪ ಕಾಣದ ಮನೆಯನ್ನು ಜನ ಆಡಿಕೊಳ್ಳುತ್ತಾರೆ. ಗುಡ್ಡದಲ್ಲಿ ದೀಪ ಕಂಡರೆ ಆಡಿಕೊಳ್ಳುತ್ತಿದ್ದರು. ಹೊರಗಿನ ಬೆಳಕು ತಾಗಿದರೆ ಫಲಕ ಹಾಳು; ಅದಕ್ಕೇ ಕಿಟಕಿಗೆಲ್ಲ ಕಪ್ಪು ಪರದೆ. ಸಂಜೆ ಮನೆಗಳ ಸಾಲಿನಲ್ಲಿ ನಡೆದು "ತಿರೈ, ತಿರೈ" ಎಂದು ಎಚ್ಚರಿಸುವ ಕೆಲಸವನ್ನು ನಾನಾಗಿಯೇ ಹೊತ್ತಿದ್ದೆ. ತಿರೈ ಎಂದರೆ ಪರದೆ. ನಾನು ಕಲಿತ ಮೊದಲ ತಮಿಳು ಪದ. ಮಕ್ಕಳು ನನ್ನನ್ನು 'ತಿರೈ ಮಾಮಾ' ಎಂದೇ ಕರೆಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಒಂದು ದೀಪಾವಳಿಗೆ ಅಕ್ಕನನ್ನು ಕರೆಸಿಕೊಂಡೆ. ಅಲ್ಲಿ ದೀಪಾವಳಿ ಬೆಳಗಿನ ಎಣ್ಣೆಸ್ನಾನಕ್ಕೇ ಹೆಚ್ಚುಕಡಿಮೆ ಮುಗಿಯುತ್ತದೆ. ಅವರ ದೀಪದ ಸಾಲು ಕಾರ್ತಿಗೈ ಹಬ್ಬಕ್ಕೆ, ಹುಣ್ಣಿಮೆಯ ಹೊತ್ತಿಗೆ. ಆಗ ಮಂಕು ನಕ್ಷತ್ರಗಳ ಕೆಲಸ ಹೇಗೂ ಇರುವುದಿಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ಅಂಗಳಕ್ಕೆ ದೀಪವಿಟ್ಟು ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, "ಕೂ" ಎಂದು ಕೂಗಿ ಕರೆಯುವವರು ನಾವು. ಇದು ನನಗೆ ಹೊಳೆಯಬೇಕಿತ್ತು.

ಅಲ್ಲಿ ಅದು ಮಳೆಯ ಕಾಲ. ಹಬ್ಬದ ಸಂಜೆ ಮಾತ್ರ ಆಕಾಶ ತೆರೆದಿತ್ತು. ರಾಜನ್ ಎಂಬ ಸಂಶೋಧಕನ ಹಳದಿ ಫಲಕ ಆಗಿತ್ತು, ನೀಲಿಯದು ಬಾಕಿ. ಗುಚ್ಛ ದಿನೇ ದಿನೇ ಪಶ್ಚಿಮಕ್ಕೆ ಸರಿದು ಮರೆಯಾಗುವುದರಲ್ಲಿತ್ತು. ಅಂದು ತಪ್ಪಿದರೆ ಅವನ ಪ್ರಬಂಧ ಒಂದು ವರ್ಷ ಹಿಂದೆ.

ನಾನು ಸಾಲಿನ ಆ ತುದಿಯಲ್ಲಿ ಯಾರದೋ ಪರದೆ ಎಳೆಸುತ್ತಿದ್ದೆ. ರಾಜನ್ ಓಡಿಬಂದ. "ಸಾರ್, ಉಂಗ ವೀಟ್ಲ ವಿಳಕ್ಕು!" ನಿಮ್ಮ ಮನೆಯಲ್ಲೇ ದೀಪ, ಎಂದ. ಬೆಳಕು ಕಂಡು ಫಲಕ ಮುಚ್ಚಿಟ್ಟು ಬಂದಿದ್ದ.

ಬಟ್ಟೆ ಒಣಗಿಸುವ ಕಂಬವನ್ನೇ ಬಲೀಂದ್ರನ ಕಂಬ ಮಾಡಿ, ಸುತ್ತ ಹಣತೆ ಹಚ್ಚಿ, ಕೈಯಲ್ಲಿ ಅವಲಕ್ಕಿ ಹಿಡಿದು, ಅಕ್ಕ "ಕೂ" ಎಂದು ಕೂಗುತ್ತಿದ್ದಳು.

"ಅಕ್ಕಾ, ನಂದಿಸು."

"ಪರ್ಬದ ದೀಪ ನಂದಿಸುದಾ? ನಿಂಗೆ ಎಂತ, ಮರ್ಲು ಹಿಡಿದಿದಾ?"

"ಇಲ್ಲಿ ಕತ್ತಲೆ ಬೇಕು."

"ಕತ್ತಲೆ ಬೇಕಾದ ಊರಿಗೆ ನನ್ನನ್ನು ಪರ್ಬಕ್ಕೆ ಎಂತಕ್ಕೆ ಕರೆಸಿದ್ದು?"

ರಾಜನ್ ನೆಲ ನೋಡುತ್ತಿದ್ದ. ನಾನು ದಿನವೂ ಎಳೆಸುತ್ತಿದ್ದ ಪರದೆಗಳ ಸಂದಿಯಲ್ಲೆಲ್ಲ ಕಣ್ಣುಗಳು. ಬಗ್ಗಿ ಹಣತೆಗಳನ್ನು ಊದಿ ಆರಿಸಿದೆ. ಅಕ್ಕ ಒಳಗೆ ಹೋದಳು. ರಾಜನ್ ದೂರದರ್ಶಕಕ್ಕೆ ಮರಳುವಷ್ಟರಲ್ಲಿ ಮೋಡ ಕವಿದಿತ್ತು.

ಮನೆಯೊಳಗೆ ಹೋದರೆ, ಅಕ್ಕ ಪರದೆ ಎಳೆದು, ಅಡುಗೆಮನೆಯ ಮೂಲೆಯಲ್ಲಿ ಒಂದು ಹಣತೆಯಿಟ್ಟು ಬಲೀಂದ್ರನನ್ನು ಪಿಸುಮಾತಿನಲ್ಲಿ ಕರೆಯುತ್ತಿದ್ದಳು.

ಯಾರೂ ಬೈಯಲಿಲ್ಲ. ಮರುದಿನ ರಾಜನ್ ಬಂದು ಅಕ್ಕ ಕೊಟ್ಟ ಅವಲಕ್ಕಿ ತಿಂದು ಹೋದ. ಆ ಸಂಜೆ ನಾನು ಸಾಲಿನಲ್ಲಿ ನಡೆಯಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಮುಂದಿನ ವರ್ಷ ಅವನ ನೀಲಿ ಫಲಕ ನನ್ನ ಮೇಜಿಗೆ ಬಂತು. ತಲೆಯೆತ್ತದೆ ಅಳೆದೆ.

ಕಳೆದ ಪರ್ಬಕ್ಕೆ ಅಜ್ಜಾವರಕ್ಕೆ ಬಂದಿದ್ದೆ. ಅಕ್ಕ ದೀಪ ಹಚ್ಚುವ ಮೊದಲು ನಾನು ಆಕಾಶ ನೋಡಿದೆ; ಸ್ವಚ್ಛವಾಗಿತ್ತು. "ಒಂದು ಕೂ ಹಾಕು" ಎಂದಳು. ಬಾಯಿ ತೆರೆದೆ. ಸ್ವರ ಪಿಸುಮಾತಿಗಿಂತ ಮೇಲೇರಲಿಲ್ಲ.

"ಜೋರು ಕೂಗು ಮಾರಾಯ," ಎಂದಳು ಅಕ್ಕ. "ಇಲ್ಲಿ ಯಾರ ಫೋಟೋವೂ ಹಾಳಾಗುದಿಲ್ಲ."