ಎರಡಡಿಯ ದೂರ

ವಿಜಯವಾಡದ ಬ್ಯಾಂಕೊಂದಕ್ಕೆ ಮೈಸೂರಿನಿಂದ ವರ್ಗವಾಗಿ ಬಂದಿದ್ದ ವಿನೋದಿನಿ, ಗಂಡನ ಆಟ ನೋಡಲೆಂದೇ ರಜೆ ಹಾಕಿ ವಿಶಾಖಪಟ್ಟಣಕ್ಕೆ ಹೋದಳು. ಚಂದ್ರಮೌಳಿ ಗಾಲ್ಫಿನಲ್ಲಿ ಏಳು ಸಲ ಚಾಂಪಿಯನ್ ಆದವನು; ಈಗ ಗೆಲ್ಲುತ್ತಿರುವ ಹುಡುಗರಲ್ಲಿ ಹಲವರು ಅವನ ಶಿಷ್ಯರೇ. ಆದರೆ ಎರಡು ವರ್ಷದಿಂದ, ಚೆಂಡು ಕುಳಿಯ ಹತ್ತಿರ ಬಂತೆಂದರೆ ಅವನ ಬಲಗೈ ತಾನಾಗಿಯೇ ಅದುರಿಬಿಡುತ್ತಿತ್ತು. ವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. ಇಂದ್ರಕೀಲಾದ್ರಿ ಹತ್ತಿ ದುರ್ಗಮ್ಮನಿಗೆ ಹೊತ್ತ ಹರಕೆಯೂ ಫಲಿಸಲಿಲ್ಲ.

ಪಂದ್ಯಾವಳಿಯ ಕೊನೆಯ ದಿನ, ಗೆಲುವಿಗೆ ಉಳಿದದ್ದು ಎರಡೇ ಅಡಿ. ವಿನೋದಿನಿ ಹಗ್ಗದಾಚೆ ನಿಂತು ನೋಡುತ್ತಿದ್ದಳು. ಚಂದ್ರಮೌಳಿಯ ಕೈ ಅದುರಿತು, ಚೆಂಡು ಕುಳಿಯ ಅಂಚು ಸವರಿ ಮುಂದಕ್ಕುರುಳಿತು. ಮತ್ತೆ ಹೊಡೆದ, ಮತ್ತೆ ತಪ್ಪಿತು. ಗೆದ್ದವನು ಶಿಷ್ಯ ನೂಕರಾಜು. ಅವನು ಓಡಿಬಂದು ಗುರುವಿನ ಕಾಲು ಹಿಡಿದು, "ಕ್ಷಮಿಂಚಂಡಿ ಸಾರ್" ಎಂದು ಅತ್ತ.

ಹಿಂದಿರುಗುವಾಗ ರೈಲಿನಲ್ಲಿ ಚಂದ್ರಮೌಳಿ, "ಕೈ ನನ್ನ ಮಾತು ಕೇಳ್ತಿಲ್ಲ ಕಣೇ" ಎಂದ.

"ಸರಿಹೋಗುತ್ತೆ ರೀ" ಎಂದಳು ವಿನೋದಿನಿ. ಹೇಳಿದ ಅವಳಿಗೇ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ.

ಆಮೇಲೆ ಅವನು ಪಂದ್ಯ ಆಡಲಿಲ್ಲ. ಕಲಿಸುವುದನ್ನು ಮಾತ್ರ ಬಿಟ್ಟಿಲ್ಲ. ಮಕ್ಕಳು "ಒಂದ್ಸಲ ಹೊಡೆದು ತೋರಿಸಿ ಸಾರ್" ಎಂದಾಗ ಎರಡೂ ಕೈಗಳನ್ನು ಜೇಬಿಗಿಳಿಸಿ, ಬಾಯಲ್ಲೇ ಹೇಳಿಕೊಡುತ್ತಾನೆ.