ಹಿಂಬಾಗಿಲ ಗಾಳಿ

ನೀಶ್ ಪಟ್ಟಣದ ಬುದಿಮಿರ್, ತೆಳು ಹಿಟ್ಟಿನ ಹಾಳೆಯಲ್ಲಿ ಮಾಂಸವನ್ನೋ ಗಿಣ್ಣನ್ನೋ ಮಡಿಸಿ ಬೇಯಿಸುವ ಬುರೆಕ್ ಮಾಡುವವನು. ಹಿಟ್ಟಿನ ಉಂಡೆಯನ್ನು ಅಂಗೈ ಮೇಲೆ ತೆಗೆದುಕೊಂಡು ಬೀಸಿದನೆಂದರೆ ಅದು ಮೇಜಿನಗಲ ಹಾಳೆಯಾಗಿ ಇಳಿಯಬೇಕು, ಅದರಾಚೆ ನಿಂತವರ ಮುಖ ಕಾಣಬೇಕು, ಒಂದು ತೂತೂ ಬೀಳಬಾರದು. ಆ ಕೈಚಳಕಕ್ಕೇ ಜನ ಬೆಳಗಾಗೆದ್ದು ಸಾಲು ನಿಲ್ಲುತ್ತಿದ್ದರು. ಅದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಬರಬೇಕೆಂದು ಅನಿಸಿರಲೂ ಇಲ್ಲ.

ಮದುವೆಯಾದಾಗಿನಿಂದ ಅವನಿಗೂ ಹೆಂಡತಿ ದೇಸಾಂಕಳಿಗೂ ಇದ್ದದ್ದು ಒಂದೇ ಜಗಳ, ಅಂಗಡಿಯ ಹಿಂಬಾಗಿಲಿನದು. ಒಲೆಯ ಧಗೆ ತಾಳಲಾರದೆ ಅವನು ತೆಗೆಯುತ್ತಿದ್ದ, ಅವಳು ಬಂದು ದಢಾರನೆ ಮುಚ್ಚುತ್ತಿದ್ದಳು. ಬಾಗಿಲಿಂದ ಬಾಗಿಲಿಗೆ ಹಾಯುವ ಗಾಳಿಗೆ ಆ ಊರಲ್ಲಿ 'ಪ್ರೊಮಾಯಾ' ಎನ್ನುತ್ತಾರೆ. ಸೊಂಟ ಹಿಡಿದರೂ ಕಾರಣ ಅದೇ, ಹಲ್ಲು ನೋವಿಗೂ ಅದೇ, ಸೊಸೆ ಮುಖ ಊದಿಸಿಕೊಂಡರೂ ಬಹುಶಃ ಅದೇ.

ಹಾಗಾಗಿ ಬಲಭುಜ ನೋಯತೊಡಗಿದಾಗ ಯಾರಿಗೂ ಬೇರೆ ಅನುಮಾನ ಬರಲಿಲ್ಲ.

"ಬಡ್ಕೊಂಡೆ ನಾನು! ಬೆವರು ಸುರಿಸ್ಕೊಂಡು ಬಾಗಿಲಲ್ಲಿ ನಿಂತ್ಕೋ ಇನ್ನೂ!" ಎನ್ನುತ್ತ ದೇಸಾಂಕ ರಕಿಯಾ ಸಾರಾಯಿಯಲ್ಲಿ ಭುಜ ತಿಕ್ಕಿ ಉಣ್ಣೆ ಶಾಲು ಬಿಗಿದಳು. ಆ ಬಾಗಿಲಲ್ಲಿ ನಿಂತು ಅವನು ಸುಟ್ಟ ಸಿಗರೇಟುಗಳ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾದವರೆಲ್ಲ ಸೇದುವವರೇ.

ಕಿರುಬೆರಳು ಜೋಮು ಹಿಡಿಯಿತು. ಬಲಗಣ್ಣಿನ ರೆಪ್ಪೆ ಜೋತುಬಿತ್ತು. "ಏನ್ ಮೇಸ್ತ್ರಿ, ಈ ವಯಸ್ಸಲ್ಲಿ ಕಣ್ ಹೊಡೀತೀಯಾ?" ಎಂದು ಗಿರಾಕಿ ಹೆಂಗಸರು ನಕ್ಕರು. ಅವನೂ ನಕ್ಕ. ಕೊನೆಗೊಂದು ಬೆಳಗ್ಗೆ ಬೀಸಿದ ಹಾಳೆ ಹರಿದು ನೆಲಕ್ಕೆ ಬಿತ್ತು. ಅವನು ಅಲ್ಲೇ ಕೂತು ಅತ್ತುಬಿಟ್ಟ.

ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಗೊಂಚಲನ್ನು ಎಂ.ಆರ್.ಐ.ನಲ್ಲಿ ನೋಡಬೇಕೆಂದರು ಆಸ್ಪತ್ರೆಯ ವೈದ್ಯೆ. ಕೊಳವೆಯೊಳಗೆ ಅಲ್ಲಾಡದೆ ಮಲಗಬೇಕು. ಮಲಗಿದ. ಆದರೆ ಒಳಗಿನ ಫ್ಯಾನು ಮುಖದ ಮೇಲೆ ತಣ್ಣಗೆ ಬೀಸತೊಡಗಿತು. ತಟ್ಟನೆ ಎಡಗೈಗೆ ಕೊಟ್ಟಿದ್ದ ಕರೆಗುಂಡಿ ಒತ್ತಿದ.

"ಮಗಾ, ಇಲ್ಲೂ ಗಾಳಿ ಬೀಸ್ತಿದೆಯಲ್ಲೋ!"

"ಅಯ್ಯೋ, ಭುಜದ ನೋವಲ್ವಾ ನಿಮ್ದು! ತಡೀರಿ, ತಡೀರಿ," ಎಂದು ಯಂತ್ರ ನಡೆಸುವವನು ಗಾಬರಿಬಿದ್ದು ಫ್ಯಾನು ಆರಿಸಿದ. ತಗಡು ಬಡಿದಂಥ ಸದ್ದಿನ ನಡುವೆ ಬುದಿಮಿರ್ ಕಣ್ಣು ಮುಚ್ಚಿ, ಕೈ ವಾಸಿಯಾದ ಮೇಲೆ ಬೀಸಲಿರುವ ಮೊದಲ ಹಾಳೆಯನ್ನು ನೆನೆದ.

ಫಲಿತಾಂಶದ ದಿನ ವೈದ್ಯೆ ದೇಸಾಂಕಳೊಬ್ಬಳನ್ನೇ ಒಳಗೆ ಕರೆದರು. ಕೆಟ್ಟ ಸುದ್ದಿಯಾದರೆ ಅಲ್ಲಿ ರೋಗಿಗಲ್ಲ, ಮನೆಯವರಿಗೇ ಹೇಳುವುದು ರೂಢಿ. ಅವಳು ಹೊರಬಂದವಳೇ ಬೈಯಲು ಶುರುಮಾಡಿದಳು.

"ನರ ಊದಿದೆಯಂತೆ. ಗಾಳೀದೇ! ಯಾರ ಮಾತು ಕೇಳಿದ್ದೀಯ ನೀನು?"

"ಮತ್ತೆ ಹಿಟ್ಟು ಬೀಸಬಹುದಾ?"

"ಬೀಸ್ತೀಯ. ಅವಸರ ಏನೀಗ?"

ಮನೆ ಮುಟ್ಟುವ ತನಕ ಬೈದಳು. ಆ ಬೈಗುಳ ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು.

ಬೇಸಿಗೆ ಏರಿತು. ದೇಸಾಂಕ ಮಾರುಕಟ್ಟೆಯ ಸಿದ್ಧ ಹಾಳೆ ತಂದು ಬುರೆಕ್ ಮಾಡುತ್ತಿದ್ದಳು. ಗಿರಾಕಿಗಳು ತಿಂದು ಸುಮ್ಮನಿದ್ದರು. ಬುದಿಮಿರ್ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿರುತ್ತಿದ್ದ, ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿರುತ್ತಿತ್ತು. ಒಂದು ದಿನ ಅವಳನ್ನು ಕೆಣಕಿ ಎರಡು ಬೈಗುಳ ತಿನ್ನೋಣವೆಂದು, "ಧಗೆ ತಡೆಯೋಕಾಗ್ತಿಲ್ಲ. ಆ ಹಿಂಬಾಗಿಲು ತೆಗಿ ನೋಡೋಣ," ಎಂದ.

ದೇಸಾಂಕ ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆದಳು. ಮತ್ತೆ ಮುಚ್ಚಿಕೊಳ್ಳದಂತೆ ಹಿಟ್ಟಿನ ಮೂಟೆಯನ್ನು ಒತ್ತಿಟ್ಟಳು. ತಂಪು ಗಾಳಿ ಅಂಗಡಿಯನ್ನು ಹಾದು ಬೀದಿಗೆ ಹೋಯಿತು.

ಅವನು ಅವಳ ಬೆನ್ನನ್ನೇ ನೋಡುತ್ತಿದ್ದ. ಅವಳು ತಿರುಗಲಿಲ್ಲ.

"ಗಾಳಿಯಲ್ಲ, ಅಲ್ವಾ?"

"ಶ್ವಾಸಕೋಶದ ತುದೀಲಿ ಗಡ್ಡೆ," ಎಂದಳು ಬಾಗಿಲಿಗೆ ಹೇಳುವಂತೆ. "ಕೈ ನರಕ್ಕೆಲ್ಲ ಸುತ್ಕೊಂಡಿದೆಯಂತೆ. ಬಿಡಿಸೋಕಾಗಲ್ವಂತೆ."

ಬುದಿಮಿರ್‌ಗೆ ಕಿತ್ತು ತಿನ್ನುವ ಭಯವಾಯಿತು. ಎಡಗೈಯಲ್ಲಿ ಶಾಲನ್ನು ಭುಜಕ್ಕೆ ಎಳೆದುಕೊಂಡ.

"ಮುಚ್ಚು ದೇಸಾಂಕ," ಎಂದ. "ಮುಚ್ಚಿ ನನ್ನನ್ನ ಬಯ್ಯಿ."

ಅವಳು ಮೂಟೆ ಸರಿಸಿ ಬಾಗಿಲು ಮುಚ್ಚಿದಳು. ಬಾಯಿ ತೆರೆದಳು. ಇಷ್ಟು ವರ್ಷದ ಬೈಗುಳದಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.